ಲಿನಕ್ಸ್ ಲಾಗಿನ್ ಪರದೆಯಲ್ಲೇ ಸಿಕ್ಕಿಕೊಂಡರೆ: ಫಾರ್ಮ್ಯಾಟ್‌ಗೆ ಒಪ್ಪುವ ಮೊದಲು

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟರೊಬ್ಬರಿದ್ದಾರೆ. ಊರೂರು ಸುತ್ತಿ, ಅಜ್ಜಿಯರ ಮುಂದೆ ಕುಳಿತು, ಸೋಬಾನೆ ಪದಗಳನ್ನು ಧ್ವನಿಮುದ್ರಿಸಿಕೊಂಡು ಬಂದವರು. ಹಾಡಿದವರಲ್ಲಿ ಕೆಲವರು ಈಗ ಇಲ್ಲ. ಆ ಹಾಡುಗಳೆಲ್ಲ ಇರುವುದು ಲಿನಕ್ಸ್ ಮಿಂಟ್ ಎಂಬ ಕಾರ್ಯವ್ಯವಸ್ಥೆ (ಆಪರೇಟಿಂಗ್ ಸಿಸ್ಟಂ) ಹಾಕಿದ ಒಂದು ಹಳೆಯ ಕಂಪ್ಯೂಟರಿನಲ್ಲಿ. ಒಂದು ಬೆಳಿಗ್ಗೆ ಅದು ಅವರನ್ನು ಒಳಗೆ ಬಿಡಲಿಲ್ಲ. ರಿಪೇರಿ ಅಂಗಡಿಗೆ ಒಯ್ದು ತೋರಿಸಿದರೆ, "ಪಾಸ್‌ವರ್ಡ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು" ಎಂದರಂತೆ. ಮೇಷ್ಟರು ಒಪ್ಪದೆ ಕಂಪ್ಯೂಟರನ್ನು ಮನೆಗೆ ತಂದು ನನಗೆ ಫೋನ್ ಮಾಡಿದರು. "ಪಾಸ್‌ವರ್ಡ್ ನನಗೆ ಚೆನ್ನಾಗಿ ನೆನಪಿದೆಯಪ್ಪಾ. ಸರಿಯಾಗಿಯೇ ಹೊಡೆಯುತ್ತಿದ್ದೇನೆ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ" ಎಂದರು.

ಆ ಕೊನೆಯ ವಾಕ್ಯದಲ್ಲೇ ಅರ್ಧ ಉತ್ತರವಿತ್ತು. ಅವರ ಪಾಸ್‌ವರ್ಡ್ ಎಲ್ಲಿಗೂ ಹೋಗಿರಲಿಲ್ಲ.

ಲಾಗಿನ್ ಆಗಲಿಲ್ಲ ಎಂದರೆ ಪಾಸ್‌ವರ್ಡ್ ಮರೆತಿದೆ ಎಂದೇ ತೀರ್ಮಾನಿಸಿ ಕೆಲಸ ಆರಂಭಿಸುವುದು ದುಬಾರಿ ತಪ್ಪು. ಕೆಲವು ಕಂಪ್ಯೂಟರುಗಳಲ್ಲಿ ಪಾಸ್‌ವರ್ಡನ್ನು ಬಲವಂತವಾಗಿ ಬದಲಿಸಿದರೆ ಲಾಗಿನ್ ಸಿಗುತ್ತದೆ, ಕಡತಗಳು ಸಿಗುವುದಿಲ್ಲ. ಆದ್ದರಿಂದ ಏನನ್ನೂ ಬದಲಿಸುವ ಮುನ್ನ ಎಲ್ಲಿ ತಡೆಯಾಗಿದೆ ಎಂದು ತಿಳಿಯಬೇಕು. ಈ ಬರಹ ಆ ಹುಡುಕಾಟದ ಕ್ರಮವನ್ನು ಹೇಳುತ್ತದೆ. ಇಂಥ ಸಹಾಯ ಬಹುಮಟ್ಟಿಗೆ ಫೋನಿನಲ್ಲೇ ನಡೆಯುವುದರಿಂದ ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆಯೇ ಬರೆದಿದ್ದೇನೆ. ಬೇರೆ ರೀತಿ ಹೇಳದಿದ್ದರೆ ಎಲ್ಲವೂ ಇಂಗ್ಲಿಷಿನ ಚಿಕ್ಕಕ್ಷರಗಳು; 'ಜಾಗ' ಎಂದರೆ ಸ್ಪೇಸ್ ಬಾರ್, 'ಅಡ್ಡಗೆರೆ' ಎಂದರೆ ಸೊನ್ನೆಯ ಪಕ್ಕದ ಮೈನಸ್ ಕೀಲಿ, 'ಓರೆಗೆರೆ' ಎಂದರೆ ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿರುವ ಗೆರೆ.

ತಡೆದವರು ಯಾರು?

ಲಾಗಿನ್ ಎಂಬುದು ಎರಡು ಹಂತದ ಕೆಲಸ. ನಾವು ನೋಡುವ ಪರದೆ, ಅಂದರೆ ಮಿಂಟ್‌ನಂಥದೇ ಇನ್ನೊಂದು ಲಿನಕ್ಸ್ ಆದ ಉಬುಂಟುವಿನ ಜಿಡಿಎಂ, ಮಿಂಟ್‌ನ ಲೈಟ್‌ಡಿಎಂ, ಕೆಡಿಇ ಡೆಸ್ಕ್‌ಟಾಪಿನೊಂದಿಗೆ ಬರುವ ಎಸ್‌ಡಿಡಿಎಂ, ಇವು ಯಾವುವೂ ಪಾಸ್‌ವರ್ಡನ್ನು ತಾವೇ ಪರೀಕ್ಷಿಸುವುದಿಲ್ಲ. ಅದನ್ನು ಪ್ಯಾಮ್ ಎಂಬ ವ್ಯವಸ್ಥೆಗೆ ಒಪ್ಪಿಸುತ್ತವೆ. ಪ್ಯಾಮ್ ಅದನ್ನು ಶ್ಯಾಡೋ ಕಡತದಲ್ಲಿರುವ ಗುರುತಿನೊಂದಿಗೆ ಹೋಲಿಸಿ, ಖಾತೆಯ ಅವಧಿ ಮುಗಿದಿಲ್ಲವಷ್ಟೇ ಎಂದು ನೋಡಿ, ಹೌದು ಅಥವಾ ಅಲ್ಲ ಎನ್ನುತ್ತದೆ. ಹೌದು ಎಂದಮೇಲೆ ಎರಡನೆಯ ಹಂತ. ನಿಮ್ಮ ಹೆಸರಿನಲ್ಲಿ ಡೆಸ್ಕ್‌ಟಾಪ್ ಏಳಬೇಕು, ಅದು ನಿಮ್ಮ ಹೋಮ್ ಫೋಲ್ಡರಿನಲ್ಲಿ ಹತ್ತಾರು ಸಣ್ಣ ಕಡತಗಳನ್ನು ಬರೆಯಬೇಕು.

ಮೊದಲ ಹಂತದಲ್ಲಿ ತಡೆಯಾದರೆ ಪರದೆ ಒಂದೆರಡು ಕ್ಷಣ ತಡೆದು 'ಪಾಸ್‌ವರ್ಡ್ ತಪ್ಪು' ಎಂಬರ್ಥದ ಸಾಲನ್ನು ತೋರಿಸುತ್ತದೆ. ಎರಡನೆಯದರಲ್ಲಿ ತಡೆಯಾದರೆ ಯಾವ ಸಾಲೂ ಇಲ್ಲ. ಪರದೆ ಕಪ್ಪಾಗಿ ಮತ್ತೆ ಲಾಗಿನ್‌ಗೆ ಮರಳುತ್ತದೆ. ವ್ಯತ್ಯಾಸ ಗೊತ್ತಾಗದಿದ್ದರೆ ಬೇಕೆಂದೇ ಒಮ್ಮೆ ತಪ್ಪು ಪಾಸ್‌ವರ್ಡ್ ಕೊಟ್ಟು ನೋಡಿ. ಸರಿಯಾದದ್ದಕ್ಕೂ ತಪ್ಪಾದದ್ದಕ್ಕೂ ಕಂಪ್ಯೂಟರ್ ಬೇರೆ ಬೇರೆಯಾಗಿ ವರ್ತಿಸಿದರೆ ನಿಮ್ಮ ಪಾಸ್‌ವರ್ಡ್ ಸರಿಯಿದೆ. ಮೇಷ್ಟರ ಹತ್ತಿರ ಇದನ್ನೇ ಮಾಡಿಸಿದೆ. ತಪ್ಪಾದದ್ದಕ್ಕೆ ಬೈಗುಳದಂಥ ಸಾಲು ಬಂತು, ಸರಿಯಾದದ್ದಕ್ಕೆ ಕಪ್ಪು ಪರದೆ. ಎರಡೇ ನಿಮಿಷದ ಕೆಲಸ. ಅಂಗಡಿಯಲ್ಲಿ ಇಷ್ಟನ್ನಾದರೂ ಮಾಡಿ ನೋಡಬೇಕಿತ್ತು.

ಮುಂದಿನ ಹೆಜ್ಜೆ ಅಕ್ಷರಗಳ ಪರದೆಗೆ ಹೋಗುವುದು. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಲಿಯನ್ನೂ ಸೇರಿಸಬೇಕು. ಕಪ್ಪು ಪರದೆಯಲ್ಲಿ ಬಳಕೆದಾರರ ಹೆಸರು ಕೇಳುತ್ತದೆ, ಆಮೇಲೆ ಪಾಸ್‌ವರ್ಡ್. ಪಾಸ್‌ವರ್ಡ್ ಹೊಡೆಯುವಾಗ ಇಲ್ಲಿ ಚುಕ್ಕಿಯೂ ಕಾಣುವುದಿಲ್ಲ, ಕರ್ಸರ್ ಕೂಡ ಅಲುಗಾಡುವುದಿಲ್ಲ. ಕೀಲಿಮಣೆ ಕೆಟ್ಟಿದೆ ಎಂದು ಹೆದರಿ ಬಿಟ್ಟವರನ್ನು ಕಂಡಿದ್ದೇನೆ. ಹೆದರಬೇಡಿ, ಪೂರ್ತಿ ಹೊಡೆದು ಎಂಟರ್ ಒತ್ತಿ. ಇಲ್ಲಿ ಲಾಗಿನ್ ಆಯಿತೆಂದರೆ ಖಾತೆಯೂ ಪಾಸ್‌ವರ್ಡೂ ಗಟ್ಟಿಯಾಗಿವೆ, ದೋಷ ಡೆಸ್ಕ್‌ಟಾಪಿನದು. ಚಿತ್ರಪರದೆಗೆ ಮರಳಲು ಉಬುಂಟುವಿನಲ್ಲಿ ಕಂಟ್ರೋಲ್, ಆಲ್ಟ್, ಎಫ್1; ಮಿಂಟ್‌ನಲ್ಲಿ ಎಫ್7.

ಪಾಸ್‌ವರ್ಡ್ ಒಪ್ಪಿದರೂ ಡೆಸ್ಕ್‌ಟಾಪ್ ಬಾರದಿದ್ದರೆ

ಮೇಷ್ಟರು ಅಕ್ಷರಗಳ ಪರದೆಯಲ್ಲಿ ಸಲೀಸಾಗಿ ಲಾಗಿನ್ ಆದರು. ಮೊದಲು ಹೊಡೆಸಿದ್ದು ಡಿ, ಎಫ್, ಜಾಗ, ಅಡ್ಡಗೆರೆ, ಎಚ್. ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಇದು ತೋರಿಸುತ್ತದೆ. ಬರೀ ಓರೆಗೆರೆ ಇರುವ ಸಾಲನ್ನು ಓದಲು ಹೇಳಿದೆ. "ನೂರು ಪರ್ಸೆಂಟ್ ಅಂತ ಇದೆಯಪ್ಪಾ" ಎಂದರು. ಸಿಕ್ಕಿತು.

ಡಿಸ್ಕ್ ತುಂಬಿದರೆ ಡೆಸ್ಕ್‌ಟಾಪ್ ತನ್ನ ಸಣ್ಣ ಕಡತಗಳನ್ನು ಬರೆಯಲಾಗದೆ ಅಲ್ಲೇ ಬಿದ್ದುಹೋಗುತ್ತದೆ, ಲಾಗಿನ್ ಪರದೆ ಮತ್ತೆ ಎದುರಾಗುತ್ತದೆ. ಮೇಷ್ಟರು ಹಾಡುಗಳನ್ನು ಕುಗ್ಗಿಸದ ವೇವ್ ಕಡತಗಳಾಗಿ ಇಡುತ್ತಿದ್ದರು. ಸಿಡಿ ಗುಣಮಟ್ಟದ ಸ್ಟೀರಿಯೋ ಮುದ್ರಣ ನಿಮಿಷಕ್ಕೆ ಸುಮಾರು 10 ಎಂಬಿ, ಗಂಟೆಗೆ 600 ಎಂಬಿಗೂ ಹೆಚ್ಚು ಜಾಗ ತಿನ್ನುತ್ತದೆ. ಬೇಡದ್ದನ್ನು ಅಳಿಸುತ್ತಲೇ ಇದ್ದೆ ಎಂದರು. ಆದರೆ ಅಳಿಸಿದ್ದೆಲ್ಲ ಕಸದ ಬುಟ್ಟಿಯಲ್ಲೇ ಕೂತಿತ್ತು. ಅದನ್ನು ಖಾಲಿ ಮಾಡುವವರೆಗೆ ಒಂದು ಬೈಟ್ ಕೂಡ ತೆರವಾಗುವುದಿಲ್ಲ. ಮಿಂಟ್‌ನಲ್ಲಿ ಇನ್ನೊಂದು ಹೊಟ್ಟೆಬಾಕ, ವ್ಯವಸ್ಥೆಯ ಹಿಂದಿನ ಸ್ಥಿತಿಯ ಪ್ರತಿಗಳನ್ನು (ಸ್ನ್ಯಾಪ್‌ಶಾಟ್) ತೆಗೆದಿಡುವ ಟೈಮ್‌ಶಿಫ್ಟ್. ಅದರ ಸ್ನ್ಯಾಪ್‌ಶಾಟ್‌ಗಳು ಅದೇ ಡಿಸ್ಕಿನಲ್ಲಿ ಪೇರುತ್ತ ಹೋಗುತ್ತವೆ.

ಇಲ್ಲಿ ಒಂದು ಎಚ್ಚರಿಕೆ. ಕಡತ ಅಳಿಸುವ ಆರ್‌ಎಂ ಕಮಾಂಡನ್ನು ಫೋನಿನಲ್ಲಿ ಯಾರಿಗೂ ಹೇಳಿಕೊಡಬೇಡಿ. ಒಂದು ಜಾಗ ತಪ್ಪಿ ಬಿದ್ದರೆ ಉಳಿಸಲು ಹೊರಟದ್ದನ್ನೇ ಕಳೆದುಕೊಳ್ಳುತ್ತೇವೆ, ಆರ್‌ಎಂ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ. ಅದರ ಬದಲು ಅಪಾಯವಿಲ್ಲದ ಕಡೆ ಸ್ವಲ್ಪ ಜಾಗ ಮಾಡಿಕೊಂಡರೆ ಸಾಕು. ಮುಂದಿನ ಕಮಾಂಡನ್ನು ಮೇಲ್ವಿಚಾರಕ ಖಾತೆಯ ಅಧಿಕಾರದಲ್ಲಿ ಮಾಡಿಸುವ ಪದ ಸುಡೊ (ಎಸ್, ಯು, ಡಿ, ಓ). ಹೊಡೆಯಬೇಕಾದದ್ದು ಸುಡೊ, ಜಾಗ, ಎ, ಪಿ, ಟಿ, ಜಾಗ, ಸಿ, ಎಲ್, ಇ, ಎ, ಎನ್: ಇದು ಡೌನ್‌ಲೋಡ್ ಆಗಿ ಅನುಸ್ಥಾಪನೆ ಮುಗಿದ ತಂತ್ರಾಂಶದ ಪೊಟ್ಟಣಗಳನ್ನಷ್ಟೇ ತೆಗೆಯುತ್ತದೆ. ಮೇಷ್ಟರ ಕಂಪ್ಯೂಟರಿನಲ್ಲಿ ಅಷ್ಟಕ್ಕೇ ಡೆಸ್ಕ್‌ಟಾಪ್ ಏಳುವಷ್ಟು ಜಾಗವಾಯಿತು. ಒಳಗೆ ಹೋಗಿ, ಬುಟ್ಟಿಯಲ್ಲಿ ಏನಿದೆ ಎಂದು ಕಣ್ಣಾರೆ ನೋಡಿ, ಆಮೇಲೆ ಖಾಲಿ ಮಾಡಿದರು. ಸಾಮಾನ್ಯವಾಗಿ ಬಳಸುವ ಇಎಕ್ಸ್‌ಟಿ4 ಡಿಸ್ಕ್ ವಿನ್ಯಾಸ ತನ್ನ 5 ಶೇಕಡಾ ಜಾಗವನ್ನು ಮೇಲ್ವಿಚಾರಕ ಖಾತೆಗೆಂದು ಕಾಯ್ದಿರಿಸುತ್ತದೆ. ಬಳಕೆದಾರರಿಗೆ ತುಂಬಿದಂತೆ ಕಂಡ ಡಿಸ್ಕಿನಲ್ಲೂ ಸುಡೊ ಕೆಲಸ ಮಾಡುವುದು ಇದರಿಂದಲೇ.

ಡಿಸ್ಕ್ ತುಂಬಿಲ್ಲದಿದ್ದರೆ ಹೋಮ್ ಫೋಲ್ಡರಿನ ಒಡೆತನ ನೋಡಿ. ಎಲ್, ಎಸ್, ಜಾಗ, ಅಡ್ಡಗೆರೆ, ಎಲ್, ಎ ಎಂದು ಹೊಡೆದರೆ ಬಚ್ಚಿಟ್ಟ ಕಡತಗಳೂ ಕಾಣುತ್ತವೆ. ಚುಕ್ಕಿಯಿಂದ ಆರಂಭವಾಗುವ ಎಕ್ಸ್‌ಅಥಾರಿಟಿ (ಇದರ ಎಕ್ಸ್ ದೊಡ್ಡಕ್ಷರ) ಎಂಬ ಕಡತದ ಒಡೆಯನಾಗಿ ನಿಮ್ಮ ಹೆಸರಿನ ಬದಲು 'ರೂಟ್', ಅಂದರೆ ಮೇಲ್ವಿಚಾರಕ ಖಾತೆ, ಎಂದಿದ್ದರೆ ಕಾರಣ ಅದೇ. ಯಾವಾಗಲೋ ಚಿತ್ರಪರದೆಯ ಕಾರ್ಯಕ್ರಮವೊಂದನ್ನು ಸುಡೊ ಸೇರಿಸಿ ಓಡಿಸಿದ್ದರ ಫಲ. ಎಂವಿ ಕಮಾಂಡಿನಿಂದ ಆ ಕಡತಕ್ಕೆ ಬೇರೆ ಹೆಸರಿಟ್ಟುಬಿಡಿ. ಮುಂದಿನ ಲಾಗಿನ್‌ನಲ್ಲಿ ಹೊಸದು ತಾನಾಗಿ ಹುಟ್ಟುತ್ತದೆ. ಪ್ರೊಫೈಲ್ ಎಂಬ ಬಚ್ಚಿಟ್ಟ ಕಡತಕ್ಕೆ ಇತ್ತೀಚೆಗೆ ಏನಾದರೂ ಸಾಲು ಸೇರಿಸಿದ್ದರೆ ಅದನ್ನೂ ಅನುಮಾನಿಸಿ. ಗ್ರಾಫಿಕ್ಸ್ ಡ್ರೈವರ್ ಬದಲಿಸಿದ ಮರುದಿನವೇ ಈ ತೊಂದರೆ ಶುರುವಾಗಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು.

'ಪಾಸ್‌ವರ್ಡ್ ತಪ್ಪು' ಎಂದೇ ಹೇಳಿದರೆ

ಕನ್ನಡದಲ್ಲಿ ಬರೆಯುವವರ ಕಂಪ್ಯೂಟರಿನಲ್ಲಿ ಮೊದಲ ಶಂಕೆ ಕೀಲಿಮಣೆಯ ವಿನ್ಯಾಸದ ಮೇಲೆ. ಲಿನಕ್ಸ್‌ನಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್, ಕಗಪ ಎರಡೂ ವಿನ್ಯಾಸಗಳು ವ್ಯವಸ್ಥೆಯ ಒಳಗೇ ಇವೆ. ಹಾಗಾಗಿ ಪಾಸ್‌ವರ್ಡ್ ಪೆಟ್ಟಿಗೆಯಲ್ಲೂ ಅವು ಚಾಲ್ತಿಯಲ್ಲಿರಬಲ್ಲವು. ಊರ ಗ್ರಂಥಾಲಯವೊಂದರಲ್ಲಿ ಇದೇ ಆಗಿತ್ತು. ಬೆಳಗಿನ ಪಾಳಿಯವರು ಕಗಪದಲ್ಲಿ ಪುಸ್ತಕಗಳ ಪಟ್ಟಿ ಮಾಡುತ್ತ, ಊಟಕ್ಕೆ ಏಳುವಾಗ ಪರದೆಗೆ ಬೀಗ ಹಾಕಿ ಹೋಗುತ್ತಿದ್ದರು. ಬಂದು ಪಾಸ್‌ವರ್ಡ್ ಹೊಡೆದರೆ ಚುಕ್ಕಿಗಳ ಹಿಂದೆ ಬೀಳುತ್ತಿದ್ದದ್ದು ಕನ್ನಡದ ಅಕ್ಷರ. ವಾರಕ್ಕೆರಡು ಸಲ ಪಾಸ್‌ವರ್ಡ್ ಬದಲಿಸಿಕೊಳ್ಳುತ್ತಿದ್ದರಂತೆ, ಪಾಪ. ಪರದೆಯ ಮೂಲೆಯಲ್ಲಿ ಭಾಷೆಯ ಎರಡಕ್ಷರದ ಗುರುತು ಇರುತ್ತದೆ. ಅದನ್ನು ಒತ್ತಿ ಇಂಗ್ಲಿಷಿಗೆ ಬದಲಿಸಿದ್ದೇ ಪರಿಹಾರವಾಯಿತು.

ಗುರುತು ಕಾಣದಿದ್ದರೆ, ಬಳಕೆದಾರರ ಹೆಸರು ಕೇಳುವ ಪೆಟ್ಟಿಗೆಯಲ್ಲಿ ನಾಲ್ಕಾರು ಅಕ್ಷರ ಹೊಡೆದು ನೋಡಿ ಅಳಿಸಿ. ಅಲ್ಲಿ ಹೊಡೆದದ್ದು ಕಣ್ಣಿಗೆ ಕಾಣುತ್ತದೆ. ಪೂರ್ತಿ ಪಾಸ್‌ವರ್ಡನ್ನು ಅಲ್ಲಿ ಹೊಡೆದು ಎಂಟರ್ ಮಾತ್ರ ಒತ್ತಬೇಡಿ. ಹೆಸರಿನ ಜಾಗದಲ್ಲಿ ಬಂದದ್ದು ದಾಖಲೆಯ ಕಡತಕ್ಕೆ ಸೇರಿ, ಓದಬಲ್ಲ ರೂಪದಲ್ಲಿ ಉಳಿದುಬಿಡಬಹುದು. ಕ್ಯಾಪ್ಸ್ ಲಾಕ್ ಎಲ್ಲರಿಗೂ ಗೊತ್ತು. ನಮ್ ಲಾಕ್ ಅಷ್ಟು ಗೊತ್ತಿಲ್ಲ: ಅಂಕಿಗಳ ಪ್ರತ್ಯೇಕ ವಿಭಾಗವಿಲ್ಲದ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಅದು ಚಾಲೂ ಆಗಿದ್ದರೆ ಜೆ, ಕೆ, ಎಲ್ ಒತ್ತಿದಾಗ 1, 2, 3 ಬೀಳುತ್ತವೆ, ಯು, ಐ, ಓ ಒತ್ತಿದರೆ 4, 5, 6.

ಇದ್ಯಾವುದೂ ಅಲ್ಲವೆಂದಾದರೆ ಹತ್ತು ನಿಮಿಷ ಕೈಕಟ್ಟಿ ಕೂರಿ. ಮಾತು ವಿಚಿತ್ರವೆನಿಸಿದರೂ ಕಾರಣವಿದೆ. ಫೇಲ್‌ಲಾಕ್ ಎಂಬ ಕಾವಲು ಕೆಲವು ಲಿನಕ್ಸ್‌ಗಳಲ್ಲಿ ಇರುತ್ತದೆ. ಆರ್ಚ್‌ನಲ್ಲಿ ಮೊದಲಿನಿಂದಲೇ ಚಾಲೂ ಇರುತ್ತದೆ. 15 ನಿಮಿಷದೊಳಗೆ 3 ಸಲ ತಪ್ಪಿದರೆ ಮುಂದಿನ 10 ನಿಮಿಷ ಸರಿಯಾದ ಪಾಸ್‌ವರ್ಡನ್ನೂ ಅದು ನಿರಾಕರಿಸುತ್ತದೆ. ಗಾಬರಿಯಲ್ಲಿ ಮತ್ತೆ ಮತ್ತೆ ಹೊಡೆಯುವವರು ಸರಿಯಾದದ್ದನ್ನು ಹೊಡೆದಾಗಲೂ ಇಲ್ಲವೆನಿಸಿಕೊಂಡು, ತಮ್ಮ ನೆನಪನ್ನೇ ಅನುಮಾನಿಸತೊಡಗುತ್ತಾರೆ. ಬೇರೊಂದು ನಿರ್ವಾಹಕ ಖಾತೆಯಿದ್ದರೆ ಫೇಲ್‌ಲಾಕ್ ಕಮಾಂಡಿಗೆ ಯೂಸರ್, ರಿಸೆಟ್ ಎಂಬ ಎರಡು ಆಯ್ಕೆಗಳನ್ನು ಕೊಟ್ಟು ಕೂಡಲೇ ಬಿಡಿಸಬಹುದು.

ಅಂಥ ಎರಡನೆಯ ಖಾತೆ ಇದ್ದರೆ ಇನ್ನೊಂದು ಅನುಕೂಲ. ಸುಡೊ, ಜಾಗ, ಪಿ, ಎ, ಎಸ್, ಎಸ್, ಡಬ್ಲ್ಯೂ, ಡಿ, ಜಾಗ, ಅಡ್ಡಗೆರೆ, ದೊಡ್ಡಕ್ಷರದ ಎಸ್, ಜಾಗ, ಬಳಕೆದಾರರ ಹೆಸರು. ಉತ್ತರದಲ್ಲಿ ಹೆಸರಿನ ಪಕ್ಕದಲ್ಲೇ ಪಿ ಎಂದಿದ್ದರೆ ಪಾಸ್‌ವರ್ಡ್ ಚಾಲ್ತಿಯಲ್ಲಿದೆ, ಎಲ್ ಎಂದಿದ್ದರೆ ಅದಕ್ಕೆ ಬೀಗ ಹಾಕಲಾಗಿದೆ, ಎನ್‌ಪಿ ಎಂದಿದ್ದರೆ ಪಾಸ್‌ವರ್ಡೇ ಇಲ್ಲ. ಖಾತೆಯ ಅವಧಿಯನ್ನು ಚೇಜ್ (ಸಿ, ಎಚ್, ಎ, ಜಿ, ಇ) ಕಮಾಂಡಿಗೆ ಅಡ್ಡಗೆರೆ ಎಲ್ ಮತ್ತು ಹೆಸರು ಕೊಟ್ಟು ನೋಡಬಹುದು. ಪಾಸ್‌ವರ್ಡಿನ ಅವಧಿ ಮುಗಿದಿದ್ದರೆ ಲಾಗಿನ್ ಪರದೆ ಮೊದಲು ಹಳೆಯ ಪಾಸ್‌ವರ್ಡನ್ನು ಇನ್ನೊಮ್ಮೆ ಕೇಳಿ, ಆಮೇಲೆ ಹೊಸದನ್ನು ಎರಡು ಸಲ ಕೇಳುತ್ತದೆ. ಆ ಎರಡನೆಯ ಕೇಳ್ವಿಕೆಯನ್ನು ನಿರಾಕರಣೆ ಎಂದೇ ತಿಳಿದು ಕೈಬಿಡುವವರಿದ್ದಾರೆ. ಪೆಟ್ಟಿಗೆಯ ಮೇಲಿನ ಸಣ್ಣಕ್ಷರದ ಸಾಲನ್ನು ಓದಿ.

ನಿಜವಾಗಿಯೂ ಮರೆತಿದ್ದರೆ

ಕಂಪ್ಯೂಟರ್ ನಿಮ್ಮ ಪಾಸ್‌ವರ್ಡನ್ನು ಎಲ್ಲಿಯೂ ಬರೆದಿಟ್ಟುಕೊಂಡಿಲ್ಲ. ಶ್ಯಾಡೋ ಕಡತದಲ್ಲಿರುವುದು ಅದರಿಂದ ಲೆಕ್ಕಹಾಕಿದ, ಹಿಂದಕ್ಕೆ ತಿರುಗಿಸಲಾಗದ ಗುರುತು. ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಯುನಿಕ್ಸ್‌ಗಾಗಿ ವಿವರಿಸಿದ ಉಪಾಯವೇ ಇದರ ಮೂಲ. ಆದ್ದರಿಂದ ಹಳೆಯದನ್ನು ಓದಿ ಹೇಳುವುದು ಸಾಧ್ಯವಿಲ್ಲ, ಹೊಸದನ್ನು ಹಾಕಬಹುದು.

ಹಾಕುವ ಮುನ್ನ ಗೂಢಲಿಪಿಯ (ಎನ್‌ಕ್ರಿಪ್ಶನ್) ಪ್ರಶ್ನೆ ಕೇಳಿಕೊಳ್ಳಿ. ಕಂಪ್ಯೂಟರ್ ಏಳುವಾಗ, ಲಾಗಿನ್ ಪರದೆಗೂ ಮೊದಲೇ, ಡಿಸ್ಕಿಗೆಂದು ಬೇರೆ ಪಾಸ್‌ವರ್ಡ್ ಕೇಳುತ್ತದೆಯೆ? ಹಾಗಿದ್ದರೆ ಅದು ಡಿಸ್ಕನ್ನೇ ಗೂಢಲಿಪಿಯಲ್ಲಿಡುವ ಲಕ್ಸ್ ಎಂಬ ವ್ಯವಸ್ಥೆ. ಅದರ ಪಾಸ್‌ವರ್ಡ್ ಮರೆತರೆ ಮುಂದೆ ಹೇಳುವ ಯಾವ ದಾರಿಯೂ ಕೆಲಸ ಮಾಡುವುದಿಲ್ಲ. ಇನ್ನೊಂದು ಬಗೆ ಹೆಚ್ಚು ಮೋಸಗೊಳಿಸುವಂಥದ್ದು. ಮಿಂಟ್ ಅನುಸ್ಥಾಪನೆಯ ವೇಳೆ ಹೋಮ್ ಫೋಲ್ಡರನ್ನು ಗೂಢಲಿಪಿಯಲ್ಲಿಡುವ ಆಯ್ಕೆಯಿದೆ, ಉಬುಂಟುವಿನಲ್ಲಿಯೂ 18.04ಕ್ಕೆ ಮುಂಚೆ ಇತ್ತು. ಇಕ್ರಿಪ್ಟ್‌ಎಫ್‌ಎಸ್ ಎಂಬ ಈ ವ್ಯವಸ್ಥೆ ಕಡತಗಳ ಬೀಗದ ಕೈಯನ್ನು ಲಾಗಿನ್ ಪಾಸ್‌ವರ್ಡಿನಲ್ಲೇ ಸುತ್ತಿಡುತ್ತದೆ. ಬಲವಂತವಾಗಿ ಹೊಸ ಪಾಸ್‌ವರ್ಡ್ ಹಾಕಿದರೆ ಲಾಗಿನ್ ಸಿಗುತ್ತದೆ, ಆದರೆ ಬೀಗದ ಕೈ ಹಳೆಯ ಪಾಸ್‌ವರ್ಡಿನೊಳಗೇ ಉಳಿಯುತ್ತದೆ. ಹೋಮ್ ಫೋಲ್ಡರುಗಳ ಪಕ್ಕದಲ್ಲಿ ಚುಕ್ಕಿ ಇಕ್ರಿಪ್ಟ್‌ಎಫ್‌ಎಸ್ ಎಂಬ ಬಚ್ಚಿಟ್ಟ ಫೋಲ್ಡರ್ ಕಂಡರೆ ಕೈ ತಡೆಯಿರಿ. ಮೊದಲ ದಿನಗಳಲ್ಲಿ ಬರೆದುಕೊಳ್ಳಲು ಹೇಳಿದ್ದ 32 ಅಕ್ಷರಗಳ ಕೀಲಿಪದ ಎಲ್ಲಾದರೂ ಡೈರಿಯಲ್ಲಿದೆಯೆ ಎಂದು ಹುಡುಕಿ. ಈಗಾಗಲೇ ಬದಲಿಸಿಬಿಟ್ಟಿದ್ದು ಹಳೆಯ ಪಾಸ್‌ವರ್ಡ್ ಆಮೇಲೆ ನೆನಪಾದರೆ, ಅದನ್ನೇ ಮತ್ತೆ ಹಾಕಿ, ಕಡತಗಳು ಮರಳುತ್ತವೆ.

ಗೂಢಲಿಪಿಯ ತೊಡಕಿಲ್ಲದ ಉಬುಂಟು ಅಥವಾ ಮಿಂಟ್‌ನಲ್ಲಿ ಕೆಲಸ ಸುಲಭ. ಕಂಪ್ಯೂಟರ್ ಏಳುವಾಗ ಹಳೆಯ ಯಂತ್ರವಾದರೆ ಶಿಫ್ಟ್ ಒತ್ತಿ ಹಿಡಿಯಿರಿ, ಹೊಸದಾದರೆ ತಯಾರಕರ ಚಿಹ್ನೆ ಮಾಯವಾಗುತ್ತಿದ್ದಂತೆ ಎಸ್ಕೇಪ್ ಅನ್ನು ಒಂದೇ ಸಲ ತಟ್ಟಿ. ಕಂಪ್ಯೂಟರನ್ನು ಏಳಿಸುವ ಗ್ರಬ್ ಎಂಬ ತಂತ್ರಾಂಶದ ಪಟ್ಟಿ ಬರುತ್ತದೆ. ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ರಿಕವರಿ ಮೋಡ್, ಆಮೇಲೆ ಬರುವ ಪಟ್ಟಿಯಲ್ಲಿ ರೂಟ್. ಈ ಹಂತದಲ್ಲಿ ಡಿಸ್ಕ್ ಓದಲು ಮಾತ್ರ ತೆರೆದಿರುವ ಸಾಧ್ಯತೆಯಿದೆ. ಹಾಗೆಯೇ ಪಾಸ್‌ವರ್ಡ್ ಬದಲಿಸಲು ಹೋದರೆ 'ಅಥೆಂಟಿಕೇಶನ್ ಟೋಕನ್ ಮ್ಯಾನಿಪ್ಯುಲೇಶನ್ ಎರರ್' ಎಂಬ ಅಂಜಿಸುವ ಸಾಲು ಬರುತ್ತದೆ. ಅರ್ಥ ಇಷ್ಟೇ: ಬರೆಯಲಾಗುತ್ತಿಲ್ಲ. ಮೊದಲು ಎಂ, ಓ, ಯು, ಎನ್, ಟಿ, ಜಾಗ, ಅಡ್ಡಗೆರೆ, ಓ, ಜಾಗ, ರಿಮೌಂಟ್ (ಆರ್, ಇ, ಎಂ, ಓ, ಯು, ಎನ್, ಟಿ), ಅಲ್ಪವಿರಾಮ, ಆರ್, ಡಬ್ಲ್ಯೂ, ಜಾಗ, ಓರೆಗೆರೆ ಹೊಡೆಯಿರಿ.

ಬಳಕೆದಾರರ ಹೆಸರು ಮರೆತಿದ್ದರೆ ಎಲ್, ಎಸ್, ಜಾಗ, ಓರೆಗೆರೆ, ಎಚ್, ಓ, ಎಂ, ಇ. ಅಲ್ಲಿ ಕಾಣುವ ಫೋಲ್ಡರಿನ ಹೆಸರೇ ಸಾಮಾನ್ಯವಾಗಿ ಖಾತೆಯ ಹೆಸರು. ಆಮೇಲೆ ಪಿ, ಎ, ಎಸ್, ಎಸ್, ಡಬ್ಲ್ಯೂ, ಡಿ, ಜಾಗ, ಆ ಹೆಸರು. ಹೆಸರನ್ನು ಬಿಟ್ಟರೆ ಬದಲಾಗುವುದು ನಿಮ್ಮದಲ್ಲ, ರೂಟ್ ಖಾತೆಯ ಪಾಸ್‌ವರ್ಡ್. ಈ ಪರದೆಯ ಕೀಲಿಮಣೆ ವಿನ್ಯಾಸ ಡೆಸ್ಕ್‌ಟಾಪಿನದಕ್ಕಿಂತ ಬೇರೆಯಿರಬಹುದಾದ್ದರಿಂದ ಸದ್ಯಕ್ಕೆ ಚಿಹ್ನೆಗಳಿಲ್ಲದ, ಬರೀ ಅಕ್ಷರ ಮತ್ತು ಅಂಕಿಗಳ ಪಾಸ್‌ವರ್ಡ್ ಹಾಕಿ. ಒಳಗೆ ಹೋದಮೇಲೆ ಗಟ್ಟಿಯಾದದ್ದಕ್ಕೆ ಬದಲಿಸಿಕೊಳ್ಳಿ. ಕೊನೆಗೆ ರೀಬೂಟ್. ಫೆಡೋರಾದಂಥ, ಎಸ್‌ಇಲಿನಕ್ಸ್ ಎಂಬ ಹೆಚ್ಚಿನ ಕಾವಲು ಇರುವ ವ್ಯವಸ್ಥೆಗಳಲ್ಲಿ ದಾರಿ ಬೇರೆ. ಅಲ್ಲಿ ಬೂಟ್ ಸಾಲಿಗೆ ಆರ್‌ಡಿ ಚುಕ್ಕಿ ಬ್ರೇಕ್ ಎಂದು ಸೇರಿಸಿ ಒಳಗೆ ಹೋಗಬೇಕು, ಬದಲಿಸಿದ ಮೇಲೆ ಚುಕ್ಕಿ ಆಟೋರಿಲೇಬಲ್ ಎಂಬ ಖಾಲಿ ಕಡತವನ್ನು ಮೂಲ ಫೋಲ್ಡರಿನಲ್ಲಿ ಇಡಬೇಕು. ಅದನ್ನು ಮರೆತರೆ ಹೊಸ ಪಾಸ್‌ವರ್ಡಿಗೂ ಲಾಗಿನ್ ಸಿಗದಿರಬಹುದು.

ಯಂತ್ರದ ಮುಂದೆ ಕುಳಿತ ಯಾರೇ ಆದರೂ ಹೀಗೆ ಮಾಡಬಹುದಲ್ಲ ಎಂದು ಅನಿಸಿದರೆ, ಹೌದು, ಮಾಡಬಹುದು. ಅದಕ್ಕೆ ಉತ್ತರ ಲಕ್ಸ್ ಮಾತ್ರ. ಮನೆಯಿಂದ ಹೊರಗೆ ಒಯ್ಯುವ ಲ್ಯಾಪ್‌ಟಾಪಿನಲ್ಲಿ ಅದು ಇರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಬದಲಿಸಿದ ಮೇಲೆ ಕಾಡುವ ಕೀರಿಂಗ್

ಹೊಸ ಪಾಸ್‌ವರ್ಡಿನಿಂದ ಒಳಗೆ ಹೋದೊಡನೆ 'ಲಾಗಿನ್ ಕೀರಿಂಗ್ ತೆರೆಯಲಿಲ್ಲ' ಎಂಬ ಪೆಟ್ಟಿಗೆ ಎದುರಾಗುತ್ತದೆ. ಬ್ರೌಸರ್, ಇಮೇಲ್ ಮೊದಲಾದವುಗಳ ಪಾಸ್‌ವರ್ಡುಗಳನ್ನು ಕಾಪಾಡುವ ತಿಜೋರಿಯೇ ಈ ಕೀರಿಂಗ್. ನೀವೇ ಲಾಗಿನ್ ಆಗಿ ಪಾಸ್‌ವರ್ಡ್ ಬದಲಿಸಿಕೊಂಡಿದ್ದರೆ ಅದೂ ಜೊತೆಗೇ ಬದಲಾಗುತ್ತಿತ್ತು. ರೂಟ್ ಬದಲಿಸಿದ್ದರಿಂದ ಅದು ಹಳೆಯದರಲ್ಲೇ ನಿಂತಿದೆ. ಹಳೆಯದು ನೆನಪಿದ್ದರೆ ಪಾಸ್‌ವರ್ಡ್ಸ್ ಅಂಡ್ ಕೀಸ್ ಎಂಬ ತಂತ್ರಾಂಶದಲ್ಲಿ ಲಾಗಿನ್ ಎಂಬುದನ್ನು ಬಲಗುಂಡಿಯಿಂದ ಒತ್ತಿ ಹೊಸದಕ್ಕೆ ಬದಲಿಸಿ. ನೆನಪಿಲ್ಲದಿದ್ದರೆ ಹಳೆಯ ಕೀರಿಂಗ್ ಅನ್ನು ಬಿಟ್ಟು ಹೊಸದು ಮಾಡಿಕೊಳ್ಳಬೇಕು, ಅದರಲ್ಲಿದ್ದ ಪಾಸ್‌ವರ್ಡುಗಳು ಹೋದಂತೆಯೇ. ತಾನಾಗಿ ಲಾಗಿನ್ ಆಗುವಂತೆ ಇಟ್ಟ ಕಂಪ್ಯೂಟರಿನಲ್ಲೂ ಈ ಪೆಟ್ಟಿಗೆ ಕಾಣುತ್ತದೆ. ತೆರೆಯಲು ಪಾಸ್‌ವರ್ಡನ್ನು ಯಾರೂ ಕೊಟ್ಟಿರುವುದಿಲ್ಲವಲ್ಲ.

ಮೇಷ್ಟರ ಕಂಪ್ಯೂಟರಿನಲ್ಲಿ ಇದರ ಅಗತ್ಯವೇ ಬೀಳಲಿಲ್ಲ. ಆ ಸಂಜೆಯೇ ಹಾಡುಗಳನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕಿಗೆ ಪ್ರತಿ ಮಾಡಿದೆವು. ಮುಗಿದ ಮೇಲೆ ಎರಡನೆಯ ನಿರ್ವಾಹಕ ಖಾತೆಯೊಂದನ್ನು ತೆರೆದು, ಲಾಗೌಟ್ ಮಾಡಿ, ಎರಡರಿಂದಲೂ ಒಂದೊಂದು ಸಲ ಒಳಗೆ ಹೋಗಿ ನೋಡಿದೆವು. ಅದರ ಪಾಸ್‌ವರ್ಡನ್ನು ಮೇಷ್ಟರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದು, ಮನೆಯ ಪತ್ರಗಳಿರುವ ಬೀರುವಿನಲ್ಲಿಟ್ಟು ಬೀಗ ಹಾಕಿದರು.